ಕೊರಿಯರ್‌ನಲ್ಲಿ ಬಂದ ಹಚ್ಚೆ ಮಷೀನು

ನಮಸ್ಕಾರ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಮಗ ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಂಗೈ ಮುಚ್ಚಿಕೊಂಡೇ ಓಡಾಡುತ್ತಿದ್ದ. ಹಿಡಿದು ನೋಡಿದರೆ 'ಅಮ್ಮ' ಅಂತ ಹಚ್ಚೆ. ಒದ್ದೆ ಕಾಗದದ ಮೇಲೆ ಇಂಕ್ ಪೆನ್ನಲ್ಲಿ ಬರೆದ ಹಾಗೆ ಗೆರೆಗಳೆಲ್ಲ ನೀಲಿಯಾಗಿ ಹರಡಿದ್ದವು. ಒತ್ತಕ್ಷರ ಇರಬೇಕಾದ ಜಾಗದಲ್ಲಿ ಒಂದು ಉಬ್ಬು, ಅದರ ತುದಿಯಲ್ಲಿ ಕೀವು.

"ಫ್ರೆಂಡ್ ಹಾಕಿದ್ದು ಅಣ್ಣಾ. ಆನ್‌ಲೈನಲ್ಲಿ ಮಷೀನ್ ತರಿಸಿದಾನೆ," ಅಂದ. ಹಾಕಿಸಿಕೊಂಡ ಮಾರನೇ ದಿನವೇ ನಾಟಿಗೆ ಗದ್ದೆಗೆ ಇಳಿದಿದ್ದನಂತೆ. ಹಸಿ ಗಾಯ, ಮೇಲೆ ಕೆಸರು. ಕೀವಾಗದೆ ಇನ್ನೇನಾಗುತ್ತೆ?

ಆ ಫ್ರೆಂಡನ್ನೂ ಕಂಡೆ. ಪಾಪದ ಹುಡುಗ, ಚಿತ್ರ ಚೆನ್ನಾಗಿ ಬರೆಯುತ್ತಾನೆ. ಡಬ್ಬಿಯಲ್ಲಿ ಮಷೀನು, ಸೂಜಿ, ಇಂಕು, ಕಲಿಯೋಕೆ ಅಂತ ಒಂದು ತುಂಡು ರಬ್ಬರ್ ಚರ್ಮ. ಸೂಜಿ ಚರ್ಮದೊಳಗೆ ಒಂದೆರಡು ಮಿಲಿಮೀಟರ್ ಹೋದರೆ ಸಾಕು, ಜಾಸ್ತಿ ಆಳಕ್ಕೆ ಹೋದರೆ ಇಂಕು ಹರಡುತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಅದೇ ಸೂಜಿಯನ್ನು ಬಿಸಿನೀರಲ್ಲಿ ಅದ್ದಿ ಇನ್ನೊಬ್ಬನಿಗೂ ಹಾಕಿದ್ದ. ಲಿವರ್ ಕಾಯಿಲೆ ತರೋ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ 7 ದಿನವಾದರೂ ಬದುಕಿರುತ್ತೆ ಅಂದೆ. ಮುಖ ಸಪ್ಪೆಯಾಯಿತು.

ಇಂಥದ್ದು ಕೇಳಿದ ಕೂಡಲೇ ಎಲ್ಲರೂ ಹೇಳೋದು ಒಂದೇ, ಮಷೀನ್ ಮಾರೋದನ್ನೇ ನಿಲ್ಲಿಸಿ ಅಂತ. ನಾನು ಒಪ್ಪಲ್ಲ. ಇದೇನು ನಿನ್ನೆ ಮೊನ್ನೆಯ ಯಂತ್ರ ಅಲ್ಲ, ಕಾಗದಕ್ಕೆ ಸೂಜಿಯಿಂದ ತೂತು ಹೊಡೆಯುತ್ತಿದ್ದ ಎಡಿಸನ್ನನ ವಿದ್ಯುತ್ ಪೆನ್ನಿನ ದಾರಿಯಲ್ಲೇ ನ್ಯೂಯಾರ್ಕಿನ ಸ್ಯಾಮುಯೆಲ್ ಓರೈಲಿ 1891ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದ. ಒಂದು ಮೋಟರು, ಒಂದು ಸೂಜಿ, ಅಷ್ಟೇ. ಅಂಗಡಿಯಲ್ಲಿ ಸಿಗದಿದ್ದರೆ ಹುಡುಗರು ಇನ್ನೂ ಕೆಟ್ಟದ್ದನ್ನು ಮನೆಯಲ್ಲೇ ಕಟ್ಟಿಕೊಳ್ತಾರೆ.

ನನ್ನ ತಕರಾರೇ ಬೇರೆ. ಮಷೀನು ಮನೆಬಾಗಿಲಿಗೆ ಬರುತ್ತೆ, ಕಲಿಸೋರು ಬರಲ್ಲ. ನಮ್ಮಲ್ಲಿ ಅಡಿಕೆ ಗೊನೆ ಇಳಿಸೋ ಯಾವ ಕೊನೆಗೌಡ ಮೊದಲ ದಿನವೇ ಅಡಿಕೆ ಮರದಿಂದ ಮರಕ್ಕೆ ದಾಟಿದ್ದಾನೆ ಹೇಳಿ? ಕೆಳಗೆ ನಿಂತು, ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿದು ಹಿಡಿದು ಕಲಿತವನು ಅವನು. ನಮ್ಮಜ್ಜಿಯ ಕೈಗೆ ದೀಪದ ಮಸಿಯಿಂದ ಹಚ್ಚೆ ಹೊಯ್ದ ಹೆಂಗಸೂ ತನ್ನ ತಾಯಿಯ ಪಕ್ಕ ಕೂತು ಕಲಿತವಳೇ ಇರಬೇಕು. ಹಾಗಂತ ಹಳೇದನ್ನೆಲ್ಲ ಹೊಗಳೋಕೂ ಆಗಲ್ಲ. ಊರಿಗೆಲ್ಲ ಒಂದೇ ಸೂಜಿ ಆಗ.

ಬ್ಯೂಟಿಷಿಯನ್ ಕೋರ್ಸ್ ಶಿವಮೊಗ್ಗದ ಗಲ್ಲಿಗಲ್ಲಿಯಲ್ಲಿ ಇದೆ, ಅಲ್ವಾ? ಹಾಗೇ ಒಂದು ತಿಂಗಳ ಕೋರ್ಸಲ್ಲಿ ಗ್ಲೌಸ್ ಹಾಕೋದು, ಒಬ್ಬರಿಗೆ ಒಂದೇ ಸೂಜಿ ಬಳಸಿ ಎಸೆಯೋದು, ಉಪಕರಣವನ್ನು 121 ಡಿಗ್ರಿ ಹಬೆಯಲ್ಲಿ ಇಡೋದು, ಇಷ್ಟನ್ನು ಯಾರಾದರೂ ಹೇಳಿಕೊಡಬಾರದಾ? ಊರಿನ ಸ್ಟುಡಿಯೋದವರು ಒಬ್ಬಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೂ ಸಾಕು.

ತಮ್ಮನ ಗಾಯ ಮಾತ್ರೆ ತಗೊಂಡು ಮಾಗಿತು. ಹಚ್ಚೆ ಹಾಕಿಸಿಕೊಂಡ ದಿನದಿಂದ ಒಂದು ವರ್ಷ ಅವನು ರಕ್ತದಾನ ಮಾಡೋ ಹಾಗಿಲ್ಲ. ಚಿಕ್ಕಮ್ಮ ಮಾತ್ರ "ಅದೇನೋ ಬರೆಸಿಕೊಂಡಿದೀಯ, ಓದೋಕೇ ಆಗಲ್ಲ" ಅಂತ ಈಗಲೂ ಬೈತಾರೆ. ಫ್ರೆಂಡ್ ಸದ್ಯ ಬಾಳೆಹಣ್ಣಿನ ಸಿಪ್ಪೆ ಮೇಲೆ ಕೈ ಪಳಗಿಸ್ತಿದಾನೆ. ಮೊನ್ನೆ ಫೋಟೋ ಕಳಿಸಿದ್ದ. 'ಮ' ಒತ್ತು ಇನ್ನೂ ಸರಿ ಬಂದಿಲ್ಲ.