ಕೀ ಕೊಡುವ ವಾಚುಗಳ ಮೇಜು

ಕೇಳಿಸುತ್ತಿದೆಯೇ? ಮೈಕನ್ನು ವಾಚಿಗೆ ತಾಗಿಸಿಯೇ ಇಟ್ಟಿದ್ದೇನೆ. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಎಚ್‌ಎಂಟಿ ಜನತಾ. ಬ್ಯಾಟರಿ ಇಲ್ಲ, ಬೆಳಿಗ್ಗೆ ಎದ್ದು ಒಮ್ಮೆ ಕೀ ಕೊಟ್ಟರೆ ಮರುದಿನ ಬೆಳಗಿನವರೆಗೂ ಓಡುತ್ತದೆ. ನಿನ್ನೆ ಸಂಜೆ ನನ್ನ ಕೈಗೆ ಬಂದಾಗ ಇದರಲ್ಲಿ ಉಸಿರೇ ಇರಲಿಲ್ಲ.

ನಿಂತ ವಾಚುಗಳನ್ನು ರಿಪೇರಿ ಮಾಡುವ ಈ ಹುಚ್ಚು ಹತ್ತಿದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ. ಹಳೆಯ ಬೀಗ, ಚಾರ್ಜರುಗಳ ರಾಶಿಯಲ್ಲಿ ನಿಂತುಹೋದ ವಾಚುಗಳು ಬಿದ್ದಿರುತ್ತಿದ್ದವು. ಜನತಾ, ಪೈಲಟ್, ಕೊಹಿನೂರ್, ಸೋನಾ, ಎಲ್ಲವೂ ಎಚ್‌ಎಂಟಿಯ ಮಾದರಿಗಳು. ನಮ್ಮ ಬೆಂಗಳೂರಿನಲ್ಲಿಯೇ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ತಯಾರಿಕೆ ಆರಂಭವಾಗಿ, ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತೆರೆದು, ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ನಿವೃತ್ತಿಗೆ ಉಡುಗೊರೆಯಾಗಿ ಮನೆಮನೆ ಸೇರಿದ ವಾಚುಗಳು ಇವು. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅವು ಹೀಗೆ ಧೂಳಿನಲ್ಲಿ ಬಿದ್ದಿರುವುದನ್ನು ನೋಡಿ ಸುಮ್ಮನೆ ಮನೆಗೆ ಬರಲು ನನಗೆ ಆಗುತ್ತಿರಲಿಲ್ಲ.

ಕೆಲಸ ಕಲಿಸಿದವರು ಚಿಕ್ಕಪೇಟೆಯ ಒಂದು ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಹೇಳುತ್ತಿದ್ದದ್ದು ಒಂದೇ ಮಾತು: ಮೊದಲು ನೋಡು, ಆಮೇಲೆ ಮುಟ್ಟು. ಆರು ತಿಂಗಳು ಅವರ ಪಕ್ಕದಲ್ಲಿ ಕುಳಿತು ನೋಡಿದೆ.

ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಕೂದಲಿಗಿಂತ ತೆಳ್ಳಗೆ ಸುರುಳಿ ಸುತ್ತಿಕೊಂಡು, ಉಸಿರು ತಾಗಿದರೂ ನಡುಗುವಂತೆ ಕಾಣುತ್ತದಲ್ಲ, ಅದು ಹೇರ್‌ಸ್ಪ್ರಿಂಗ್. ಅದರ ಜೊತೆ ಆಚೀಚೆ ತೂಗುವುದು ಬ್ಯಾಲೆನ್ಸ್ ಚಕ್ರ. ಕೆಂಪು ಚುಕ್ಕಿಗಳು ಕೃತಕ ಮಾಣಿಕ್ಯಗಳು, ಒಟ್ಟು 17. ಚಕ್ರಗಳ ಮೊನೆಗಳು ಸವೆಯದಂತೆ ಇವುಗಳಲ್ಲಿ ಹೆಚ್ಚಿನವುಗಳೊಳಗೆ ಕೂರುತ್ತವೆ. ಹಳೆಯ ವಾಚು ನಿಲ್ಲುವುದು ಹೆಚ್ಚಾಗಿ ಏನೋ ಮುರಿದು ಅಲ್ಲ. ಹಾಕಿದ ಎಣ್ಣೆ ವರ್ಷಗಳು ಕಳೆದಂತೆ ಅಂಟಾಗಿ ಚಕ್ರಗಳ ಕಾಲು ಹಿಡಿದುಬಿಡುತ್ತದೆ. ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಸೂಜಿಮೊನೆಯಷ್ಟು ಹೊಸ ಎಣ್ಣೆ ಇಡಬೇಕು. ಸೂಜಿಮೊನೆಯಷ್ಟೇ, ಹೆಚ್ಚಾದರೆ ಅದೂ ರೋಗವೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಈ ಹವ್ಯಾಸದಿಂದ ಸಂಪಾದನೆ ಹೇಗೆ ಎಂದು ನೀವೆಲ್ಲ ಕೇಳುತ್ತಿದ್ದೀರಿ. ಮೊದಲು ನಾನು ಸಿದ್ಧಮಾಡಿದ ವಾಚುಗಳನ್ನು ಮಾರಿದೆ. 500 ರೂಪಾಯಿಗೆ ತಂದದ್ದನ್ನು 1,800ಕ್ಕೆ ಕೊಟ್ಟ ದಿನ ಸಂತೋಷವಾಗಿತ್ತು, ರಾತ್ರಿ ಖಾಲಿ ಡಬ್ಬಿ ನೋಡಿ ನಿದ್ದೆ ಬರಲಿಲ್ಲ. ಇನ್ನೊಂದು ಸಂಕಟ ಡಯಲಿನದು. ಕೊಳ್ಳುವವರಿಗೆ ಹೊಳಪು ಬೇಕು. ಹಾಗಾಗಿ ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ಹಳೆಯ ಡಯಲಿಗೆ ಮರುಬಣ್ಣ ಹೊಡೆದು, ಮೂಲದ್ದೆಂದು ಹೇಳಿ ಮಾರುವವರಿದ್ದಾರೆ. ಅದು ಮೋಸ. ಹಳದಿಗಟ್ಟಿದ ಡಯಲು ಆ ವಾಚಿನ ವಯಸ್ಸು, ಅದನ್ನು ಅಳಿಸುವ ಹಕ್ಕು ನನಗಿಲ್ಲ.

ದಾರಿ ತೋರಿಸಿದ್ದು ನೆರೆಮನೆಯ ಲೆಕ್ಕಪರಿಶೋಧಕರು. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಚಿಕ್ಕದಾದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ ಎಂದು ತಿಳಿಸಿ, ‘ನಿಮ್ಮ ಹತ್ತಿರ ಮಾರಲು ಇರುವುದು ವಾಚಲ್ಲ, ಕೈಕೆಲಸ’ ಎಂದರು. ಅಂದಿನಿಂದ ಜನರ ವಾಚುಗಳನ್ನು ರಿಪೇರಿ ಮಾಡಿ ಕೂಲಿ ಪಡೆಯುತ್ತೇನೆ. ಒಂದಕ್ಕೆ 1,200 ರೂಪಾಯಿ, ಬಿಡಿಭಾಗಕ್ಕೆ ಬೇರೆ. ತಿಂಗಳಿಗೆ ಹತ್ತು ವಾಚು. ಮೊದಲ ವರ್ಷ ಬಂದದ್ದೆಲ್ಲ ಚಿಮಟ, ಎಣ್ಣೆ, ಮಸೂರಗಳಿಗೇ ಸರಿಹೋಯಿತು. ಎರಡನೆಯ ವರ್ಷದಿಂದ ಮನೆ ಬಾಡಿಗೆಯ ಅರ್ಧ ಈ ಮೇಜಿನಿಂದ ಬರುತ್ತಿದೆ. ನನ್ನ ಸಂಬಳದ ಕೆಲಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬರುವ ಹಣವನ್ನು ತೆರಿಗೆ ವಿವರದಲ್ಲಿ ತೋರಿಸುತ್ತೇನೆ.

ಹತ್ತೇ ಏಕೆ ಎಂದರೆ, ಕಳೆದ ದೀಪಾವಳಿಗೆ ಹದಿನೆಂಟು ಒಪ್ಪಿಕೊಂಡಿದ್ದೆ. ರಾತ್ರಿ ಒಂದು ಗಂಟೆಗೆ, ಕಣ್ಣು ಎಳೆಯುತ್ತಿರುವಾಗ ಚಿಮಟ ಜಾರಿ ಒಬ್ಬರ ಪೈಲಟ್ ವಾಚಿನ ಹೇರ್‌ಸ್ಪ್ರಿಂಗ್ ಜಜ್ಜಿತು. ಬೆಳಿಗ್ಗೆ ಅವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ನನ್ನ ಸ್ವಂತ ಪೈಲಟ್ ಬಿಚ್ಚಿ ಅದರ ಬ್ಯಾಲೆನ್ಸನ್ನು ಅವರ ವಾಚಿಗೆ ಕೂರಿಸಿದೆ, ಹಾಗೆಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ನನ್ನ ಪೈಲಟ್ ಇಂದಿಗೂ ಡಬ್ಬಿಯಲ್ಲಿ ನಿಂತೇ ಇದೆ.

ನಿನ್ನೆಯ ಜನತಾಗೆ ಮರಳೋಣ. ತಂದವರು ನಿವೃತ್ತ ಶಿಕ್ಷಕಿ, ವಾಚು ಅವರ ಪತಿಯದು. ಹಿಂಬದಿಯ ಮುಚ್ಚಳ ತೆರೆದಾಗ ಇದು ಕಂಡಿತು. ಬೆಳಕನ್ನು ಓರೆಯಾಗಿ ಹಿಡಿಯುತ್ತೇನೆ, ನೋಡಿ. ಒಳಬದಿಯಲ್ಲಿ ಸೂಜಿಯಿಂದ ಗೀಚಿದ ತಾರೀಖುಗಳು: 12-3-84, 7-11-89, 2-6-97. ರಿಪೇರಿ ಮಾಡಿದವರು ತಮಗಾಗಿ ಬಿಟ್ಟುಹೋದ ಗುರುತು. ಮೂರು ಬೇರೆ ಬೇರೆ ಕೈಗಳು. ಮಧ್ಯದವರ ಒಂಬತ್ತಂತೂ ಎಷ್ಟು ದುಂಡಗಿದೆ!

ಹವ್ಯಾಸವಾಗಿದ್ದಷ್ಟು ದಿನ ನಾನು ಯಾವ ಮುಚ್ಚಳದಲ್ಲೂ ಬರೆದಿರಲಿಲ್ಲ. ಬರೆಯುವಷ್ಟು ಧೈರ್ಯ ಇರಲಿಲ್ಲ. ವಾಚು ರಾತ್ರಿಯಿಡೀ ಓಡಿದೆ, ಹದಿನೈದು ಸೆಕೆಂಡು ಮುಂದಿದೆ, ಅಷ್ಟು ಸಾಕು. ಶಿಕ್ಷಕಿಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. 97ರ ಕೆಳಗೆ ಜಾಗವಿದೆ. ಸೂಜಿ ತೆಗೆದುಕೊಳ್ಳುತ್ತೇನೆ, ಒಂದು ನಿಮಿಷ ಮಾತಾಡುವುದಿಲ್ಲ.