'ನಿಧಾನ' ಅಂದ್ರೆ ದೂರು, 'ನಿಧಾನಸ್ಥ' ಅಂದ್ರೆ ಹೊಗಳಿಕೆ

[ಕ್ಯಾಮೆರಾ ಎದುರು, ನೇರವಾಗಿ]

ನನ್ನ ಹಳೇ ಆಫೀಸಿನಲ್ಲಿ ಹಿರಿಯರೊಬ್ಬರ ಬೀಳ್ಕೊಡುಗೆ. ನಾಲ್ಕು ಮಾತಾಡೋ ಕೆಲಸ ನನ್ನ ತಲೆಗೆ ಬಂತು. ಮನುಷ್ಯ ಅಪ್ಪಟ ಬಂಗಾರ. ಸಿಸ್ಟಮ್ ಕೆಟ್ಟು ಕೂತಿರಲಿ, ಎದುರಿಗಿರೋನು ಮೇಜು ಗುದ್ದಿ ಕೂಗಾಡ್ತಿರಲಿ, ಇವರದ್ದು ಒಂದೇ ಮಾತು: "ಆಗುತ್ತೆ ಬಿಡಿ, ನೋಡೋಣ." ಹಾಗಂತ ಕೈಬಿಡ್ತಿರಲಿಲ್ಲ, ನಿಜವಾಗಿಯೂ ನೋಡ್ತಿದ್ರು. ಇದನ್ನೆಲ್ಲ ಒಂದೇ ಪದದಲ್ಲಿ ಹೇಳ್ಬೇಕು ಅಂತ ಮೈಕ್ ಹಿಡಿದು ಹೇಳಿದೆ: "ನಮ್ಮ ಸರ್ ತುಂಬಾ ನಿಧಾನ."

ಇಡೀ ಹಾಲ್ ಗೊಳ್ ಅಂತು. ಅವರೂ ನಕ್ಕರು ಅನ್ನಿ. ಆದ್ರೆ ನಾನು ಹೇಳೋಕೆ ಹೊರಟಿದ್ದು ಅದಲ್ವಲ್ಲ!

[ಪರದೆ ಮೇಲೆ: ನಿಧಾನ | ನಿಧಾನಸ್ಥ]

ಒಂದೇ ಒಂದು ಅಕ್ಷರ ಸೇರಿಸಿದ್ರೆ ಮಾನ ಉಳೀತಿತ್ತು. "ಅವರು ನಿಧಾನ" ಅಂದ್ರೆ ದೂರು, "ಅವರು ನಿಧಾನಸ್ಥರು" ಅಂದ್ರೆ ಮೆಚ್ಚುಗೆ. ಮೊದಲನೇದು ಕೈಕಾಲಿನ ವೇಗದ ಮಾತು. ಎರಡನೇದು ಮನಸ್ಸಿನ ಮಾತು. ಗೃಹಸ್ಥ, ತಟಸ್ಥ, ಮಧ್ಯಸ್ಥ ಇವುಗಳಲ್ಲಿರೋ 'ಸ್ಥ'ನೇ ಇದು: ಒಂದು ಕಡೆ ನೆಲೆ ನಿಂತವನು. ನಿಧಾನಸ್ಥನ ವಿಳಾಸವೇ ನಿಧಾನ. ಆತ ತಡವಾಗಿ ಬಂದವನೇನಲ್ಲ.

ಇನ್ನೂ ಸ್ವಲ್ಪ ಕೆಳಗೆ ಅಗೆದರೆ ಮಜಾ ಇದೆ. ಸಂಸ್ಕೃತದ 'ನಿಧಾನ'ಕ್ಕೂ ವೇಗಕ್ಕೂ ಸಂಬಂಧವೇ ಇಲ್ಲ. 'ಧಾ' ಅನ್ನೋ ಧಾತು, ಅರ್ಥ 'ಇಡು'. ನಿಧಾನ ಅಂದ್ರೆ ಕೆಳಗೆ ಇಟ್ಟದ್ದು, ಕೂಡಿಟ್ಟದ್ದು. 'ನಿಧಿ' ಹುಟ್ಟಿದ್ದೂ ಅದೇ ಧಾತುವಿನಿಂದ. ಸಮಾಧಾನ? ಅದೇ ಧಾ: ಚದುರಿದ್ದನ್ನ ಒಟ್ಟಿಗೆ ತಂದು ಇಡೋದು. ಸಾವಧಾನ? ಮತ್ತೆ ಧಾ: ಅವಧಾನದಿಂದ, ಅಂದ್ರೆ ಗಮನ ಇಟ್ಟು. ಹಿಂದಿಯಲ್ಲಿ 'ಸಮಾಧಾನ್' ಅಂದ್ರೆ ಸಮಸ್ಯೆಗೆ ಪರಿಹಾರ, 'ಸಾವಧಾನ್' ಅಂದ್ರೆ ಹುಷಾರ್! ನಾವು ಅವೇ ಪದಗಳನ್ನ ತಗೊಂಡು "ಸಮಾಧಾನ ಮಾಡ್ಕೋ", "ಸಾವಧಾನವಾಗಿ ಹೇಳು" ಅಂತೀವಿ. ಕನ್ನಡದ ಬಾಯಿಗೆ ಬಿದ್ದು ಮೂರೂ ತಣ್ಣಗಾದವು. ಉತ್ತರ ಕರ್ನಾಟಕದ 'ಸಾವಕಾಶ' ಕೂಡ ಹಾಗೇ. ಅವಕಾಶ ಇಟ್ಟುಕೊಂಡು, ಜಾಗ ಬಿಟ್ಟುಕೊಂಡು ಮಾಡೋದು. ನನ್ನ ಕೇಳಿದ್ರೆ ಈ ಗುಂಪಿನಲ್ಲಿ ಅತ್ಯಂತ ಸುಂದರ ಪದ ಅದೇ.

[ಪರದೆ ಮೇಲೆ: ನಿಶ್ಚಿಂತ, ನಿರಾತಂಕ, ನಿರುಮ್ಮಳ]

ಇನ್ನೊಂದು ಸಾಲು ಪದಗಳಿವೆ. ಇವುಗಳ ತೊಂದರೆ ಏನಂದ್ರೆ, ಎಲ್ಲವೂ 'ಇಲ್ಲ'ದಿಂದ ಶುರು. ಚಿಂತೆ ಇಲ್ಲ, ಆತಂಕ ಇಲ್ಲ, ಉಮ್ಮಳ ಅಂದ್ರೆ ದುಗುಡ ಇಲ್ಲ. ಇದ್ದದ್ದೇನು ಅಂತ ಹೇಳೋದೇ ಇಲ್ಲ. ಮೇಲಾಗಿ ಇವು ಒಂದು ಗಳಿಗೆಯ ಪದಗಳು, ಸ್ವಭಾವದವಲ್ಲ. ಪರೀಕ್ಷೆ ಮುಗಿದ ಸಂಜೆ ಎಂಥಾ ಗಡಿಬಿಡಿಯವನೂ ನಿರುಮ್ಮಳನೇ. 'ನಿರಾಳ'ದ ಕಥೆಯಂತೂ ಕೇಳಲೇಬೇಡಿ. 12ನೇ ಶತಮಾನದ ವಚನಕಾರರಿಗೆ ಅದು ಬಯಲು, ಶೂನ್ಯದ ಹತ್ತಿರದ ದೊಡ್ಡ ಪರಿಭಾಷೆ. ನಮಗೆ ಸಾಲದ ಕೊನೇ ಕಂತು ಕಟ್ಟಿದಾಗ ಬರೋ ಉಸಿರು.

ಪದ ಸಿಗದೆ ಒದ್ದಾಡೋರು ನಾವೊಬ್ಬರೇ ಅಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, ಸದಾ ಅವಸರದಲ್ಲಿ, ಪೈಪೋಟಿಯಲ್ಲಿ ಇರೋ ಸ್ವಭಾವಕ್ಕೆ 'ಟೈಪ್ ಎ' ಅಂದ್ರು. ಆರಾಮಾಗಿರೋರಿಗೆ? 'ಟೈಪ್ ಬಿ'. ಅಂದ್ರೆ ಮುಖ್ಯವಾಗಿ, ಟೈಪ್ ಎ ಅಲ್ಲದವರು. ಅಲ್ಲೂ ಅದೇ 'ಇಲ್ಲ'!

ಇದಕ್ಕಿಂತ ಚೆನ್ನಾಗಿ ನೋಡಿದ್ದು ಆಯುರ್ವೇದದ ಚರಕಸಂಹಿತೆ. ಅದರ 'ವಿಮಾನಸ್ಥಾನ' ಅನ್ನೋ ಭಾಗದ 8ನೇ ಅಧ್ಯಾಯದಲ್ಲಿ ಕಫಪ್ರಕೃತಿಯವರ ವರ್ಣನೆ ಬರುತ್ತೆ. ಅವರಿಗೆ ಆರಂಭವೂ ಶೀಘ್ರ ಅಲ್ಲ, ಕ್ಷೋಭೆಯೂ ಶೀಘ್ರ ಅಲ್ಲ. ಬೇಗ ಶುರು ಹಚ್ಕೊಳ್ಳಲ್ಲ, ಬೇಗ ಕದಡೋದೂ ಇಲ್ಲ. ಎರಡನ್ನೂ ಒಂದೇ ಸಮಾಸಕ್ಕೆ ಕಟ್ಟಿಬಿಟ್ಟಿದ್ದಾರೆ. ನಮಗೇನೋ ಕದಡದ ಮನುಷ್ಯ ಬೇಕು, ಆದ್ರೆ ಕೆಲಸ ಮಾತ್ರ ಇವತ್ತೇ ಶುರುವಾಗ್ಬೇಕು. ಅಂದ ಹಾಗೆ, ಇಂಗ್ಲಿಷಿನವರು ಇಂಥವರಿಗೆ ಅನ್ನೋ 'ಫ್ಲೆಗ್ಮ್ಯಾಟಿಕ್' ಕೂಡ ಗ್ರೀಕರ ಕಫದಿಂದಲೇ ಬಂದದ್ದು.

ಹಾಗಾದ್ರೆ ಈ ಗುಣ ಯಾವಾಗ ಹೊಗಳಿಕೆ, ಯಾವಾಗ ಬೈಗುಳ? ಹೇಳೋರು ಕಾಯ್ತಾ ನಿಂತಿದ್ದಾರಾ ಅನ್ನೋದರ ಮೇಲೆ. ಕಾಯ್ತಿಲ್ಲ ಅಂದ್ರೆ "ತಣ್ಣನೆ ಮನುಷ್ಯ, ಸಾಧು ಪ್ರಾಣಿ". ಕಾಯ್ತಿದ್ರೆ "ಎಮ್ಮೆ ಮೇಲೆ ಮಳೆ ಸುರಿದ ಹಾಗೆ". ಮನುಷ್ಯ ಅವನೇ. 'ಉದಾಸೀನ'ಕ್ಕೆ ಆದ ಗತಿ ನೋಡಿ. ಭಗವದ್ಗೀತೆಯ 12ನೇ ಅಧ್ಯಾಯದ 16ನೇ ಶ್ಲೋಕದಲ್ಲಿ ಅದು ಹೊಗಳಿಕೆ, ಪಕ್ಕದಲ್ಲೇ 'ದಕ್ಷ' ಅನ್ನೋ ಪದ ಬೇರೆ ಕೂತಿದೆ. ಇವತ್ತು "ಉದಾಸೀನ ಮಾಡಿದ" ಅಂದ್ರೆ ನೇರ ಆರೋಪ.

ಕಾವ್ಯಶಾಸ್ತ್ರದವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಧನಂಜಯನ 'ದಶರೂಪಕ' ಅನ್ನೋ ಸಂಸ್ಕೃತ ನಾಟಕಶಾಸ್ತ್ರ ಗ್ರಂಥದಲ್ಲಿ 'ಧೀರಲಲಿತ' ಅನ್ನೋ ನಾಯಕ ಬರ್ತಾನೆ: ನಿಶ್ಚಿಂತ, ಕಲಾಸಕ್ತ, ಸುಖಿ, ಮೃದು. ಆಹಾ! ಇಷ್ಟು ನಿಶ್ಚಿಂತೆ ಎಲ್ಲಿಂದ ಬಂತಪ್ಪಾ ಅಂದ್ರೆ ವ್ಯಾಖ್ಯಾನ ಬರೆದ ಧನಿಕ ಹೇಳಿಬಿಡ್ತಾನೆ, ರಾಜ್ಯದ ಯೋಗಕ್ಷೇಮ ನೋಡ್ಕೊಳ್ಳೋಕೆ ಮಂತ್ರಿಗಳಿದ್ದಾರೆ ಅಂತ. ನಿಮ್ಮ ಗುಂಪಿನಲ್ಲಿ ಪ್ರವಾಸಕ್ಕೆ ಟಿಕೆಟ್ ಬುಕ್ ಮಾಡೋರು ಯಾರು, "ನನಗೆ ಎಲ್ಲಾದ್ರೂ ಓಕೆ ಕಣ್ರೋ" ಅನ್ನೋರು ಯಾರು, ಒಮ್ಮೆ ನೆನಪು ಮಾಡ್ಕೊಳ್ಳಿ.

[ಪರದೆ ಮೇಲೆ: ತಲೆ ಕೆಡಿಸಿ+ಕೊಳ್ಳು, ಹಚ್ಚಿ+ಕೊಳ್ಳು, ಮೈಮೇಲೆ ಎಳೆದು+ಕೊಳ್ಳು]

ಕನ್ನಡದಲ್ಲಿ ಈ ಸ್ವಭಾವ ಗುಣವಾಚಕದಲ್ಲಿ ಹುಡುಕಿದ್ರೆ ಪೂರ್ತಿ ಸಿಗಲ್ಲ ಅನ್ನೋದು ನನ್ನ ವಾದ. ಕ್ರಿಯಾಪದದಲ್ಲಿ ಹುಡುಕಿ. ಕಷ್ಟಪಡೋ ಮಾತುಗಳ ಬಾಲ ಗಮನಿಸಿ, ಎಲ್ಲದರಲ್ಲೂ 'ಕೊಳ್ಳು'. ದುಡ್ಡು ಕೊಟ್ಟು ವಸ್ತು ಕೊಳ್ತೀವಲ್ಲ, ಅದೇ ಕೊಳ್ಳು. ತಲೆ ತಾನಾಗೇ ಕೆಡಲ್ಲ, ನಾವೇ ಕೆಡಿಸಿ'ಕೊಳ್ತೀವಿ' ಅಂತ ನಮ್ಮ ವ್ಯಾಕರಣ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ. ಹಾಗಾಗಿ ಆರಾಮಿನ ಮನುಷ್ಯ ಅಂದ್ರೆ ಕೊಳ್ಳದವನು. "ಅವರು ತಲೆ ಕೆಡಿಸಿಕೊಳ್ಳೋರಲ್ಲ." ಇಲ್ಲೂ ಒಂದು ಹುಷಾರು: "ಯಾವುದಕ್ಕೂ ತಲೆ ಕೆಡಿಸಿಕೊಳ್ಳಲ್ಲ" ಅಂದ್ರೆ ಬೇಜವಾಬ್ದಾರಿ ಅಂತಲೂ ಕೇಳಿಸುತ್ತೆ. "ಸುಮ್ಮಸುಮ್ಮನೆ ತಲೆ ಕೆಡಿಸಿಕೊಳ್ಳೋರಲ್ಲ" ಅನ್ನಿ, ಆ 'ಸುಮ್ಮಸುಮ್ಮನೆ' ಬಂದು ಕಾಪಾಡುತ್ತೆ. ಭಾಷಣದಲ್ಲಿ ನಾನು ಹೇಳಬೇಕಾಗಿದ್ದ ವಾಕ್ಯ ಅದು.

ಎರಡು ತಿಂಗಳು ಬಿಟ್ಟು ಫೋನ್ ಮಾಡಿ, "ಸರ್, ಅವತ್ತು 'ನಿಧಾನ' ಅಂದುಬಿಟ್ಟೆ, ಬೇಜಾರು ಮಾಡ್ಕೋಬೇಡಿ" ಅಂದೆ. ಆ ಕಡೆಯಿಂದ ನಗು.

"ಅಯ್ಯೋ, ಅದನ್ನ ನೀವು ಇನ್ನೂ ಇಟ್ಕೊಂಡಿದ್ದೀರಾ?"

[ಪರದೆ ಮೇಲೆ: ಇಟ್ಟು + ಕೊಂಡು]