ದೊರೆಗೆ ಬೇಡವಾದ ಪೇಟೆ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ದಕ್ಷಿಣದಲ್ಲಿ ಡಾರ್ಸೆಟ್ ಅನ್ನುವ ಸೀಮೆ ಇದೆ. ಅಲ್ಲೊಂದು ಪುಟ್ಟ ಹಳ್ಳಿ, ಹೆಸರು ಮಿಲ್ಟನ್ ಆಬಸ್. ಇಳಿಜಾರಿನ ಒಂದು ಬೀದಿ, ಎರಡೂ ಬದಿಗೆ ಹುಲ್ಲಿನ ಮಾಡು, ಮಣ್ಣಿನ ಗೋಡೆಯ ಬಿಳಿ ಮನೆಗಳು. ಒಟ್ಟು 36, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ನೋಡಿದವರೆಲ್ಲ ಫೋಟೊ ತೆಗೆಯುತ್ತಾರೆ. ಆದರೆ ಈ ಹಳ್ಳಿ ಹುಟ್ಟಿದ್ದು ಒಂದು ಪೇಟೆಯನ್ನೇ ಕೆಡವಿದ್ದರಿಂದ.

ಆ ಪೇಟೆ ಮಿಡ್ಲ್‌ಟನ್. 10ನೇ ಶತಮಾನದಲ್ಲಿ ಅರಸ ಅಥೆಲ್‌ಸ್ಟನ್ ಸ್ಥಾಪಿಸಿದ ಕ್ರೈಸ್ತ ಮಠದ ಮಗ್ಗುಲಲ್ಲಿ ಬೆಳೆದ ಊರು. ಸಂತೆ ಇತ್ತು, ಶಾಲೆ ಇತ್ತು, ದಾರಿಹೋಕರು ಉಳಿಯಲು ಛತ್ರಗಳಿದ್ದವು. 1539ರಲ್ಲಿ ಅರಸ ಎಂಟನೇ ಹೆನ್ರಿ ಮಠವನ್ನು ಮುಚ್ಚಿಸಿದ. ಆಸ್ತಿ ಸಿರಿವಂತರ ಪಾಲಾಯಿತು. 1752ರಲ್ಲಿ ಅದನ್ನು ಕೊಂಡವನು ಜೋಸೆಫ್ ಡೇಮರ್. ಮುಂದೆ ಲಾರ್ಡ್ ಮಿಲ್ಟನ್, ಅಂದರೆ ಮಿಲ್ಟನ್ ದೊರೆ, ಅನ್ನಿಸಿಕೊಂಡವನು ಇವನೇ.

ಅವನು ಹಳೆಯ ಮಠದ ಚರ್ಚಿನ ಪಕ್ಕದಲ್ಲೇ ದೊಡ್ಡ ಬಂಗಲೆ ಕಟ್ಟಿಸಿದ. ಸುತ್ತ ಹಸಿರು ಬಯಲು ಮಾಡಲು ಆ ಕಾಲದ ಹೆಸರಾಂತ ತೋಟಗಾರ ಕೇಪಬಿಲಿಟಿ ಬ್ರೌನ್‌ನನ್ನು ಕರೆಸಿದ. ಬಂಗಲೆಯ ಮುಂದೆಯೇ ಊರು, ಅದರ ಗದ್ದಲ, ಅದರ ಹೊಗೆ. ಅದು ಅವನಿಗೆ ಬೇಡವಾಯಿತು. ಮನೆಗಳ ನೆಲ ಎಸ್ಟೇಟಿನದು, ಜನ ಗುತ್ತಿಗೆಯ ಮೇಲೆ ಇದ್ದವರು. ಒಂದೊಂದೇ ಗುತ್ತಿಗೆ ಮುಗಿಯಿತು, ಒಂದೊಂದೇ ಮನೆ ಉರುಳಿತು. ವರ್ಷಗಟ್ಟಲೆ ನಡೆದ ಕೆಲಸ ಇದು. ಕಾನೂನು ಅವನ ಕಡೆಗೇ ಇತ್ತು ನೋಡಿ, ಅದೇ ನನಗೆ ಜಾಸ್ತಿ ನೋವಾಗುವ ಮಾತು. 1785ರಲ್ಲಿ ಶಾಲೆಯನ್ನೂ ದೂರದ ಬ್ಲಾಂಡ್‌ಫರ್ಡ್‌ಗೆ ಸಾಗಿಸಿದರು.

ಒಬ್ಬ ಮಾತ್ರ ಜಗ್ಗಲಿಲ್ಲ. ವಿಲಿಯಂ ಹ್ಯಾರಿಸನ್ ಅನ್ನುವ ವಕೀಲ. ಗುತ್ತಿಗೆ ಇನ್ನೂ ಇದೆ, ಬಿಡುವುದಿಲ್ಲ ಅಂದ. ದೊರೆ ಕೊಳದ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದ. ಹ್ಯಾರಿಸನ್ ಕೋರ್ಟಿಗೆ ಹೋದ, ಗೆದ್ದೂ ಬಿಟ್ಟ! ಒಂದಿಡೀ ಪೇಟೆಯಲ್ಲಿ ದೊರೆಗೆ ಎದುರು ನಿಲ್ಲಲು ಬೇಕಾದ ಕಾನೂನಿನ ತಿಳಿವಳಿಕೆ ಅವನಿಗಿತ್ತು. ಉಳಿದವರ ಹತ್ತಿರ ಏನಿತ್ತು ಹೇಳಿ?

ಜನರಿಗಾಗಿ, ಬಂಗಲೆಗೆ ಕಾಣದ ಕಣಿವೆಯಲ್ಲಿ ಹೊಸ ಹಳ್ಳಿ ಎದ್ದಿತು. 1780ರ ಹೊತ್ತಿಗೆ ಅದು ಸಿದ್ಧವಾಗಿತ್ತು. 1674ರ ಹಳೆಯ ಬಡವರ ಆಶ್ರಯಮನೆಯನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಹೊರಗಿನಿಂದ ಒಂದೇ ಮನೆ ಅನ್ನಿಸುವ ಪ್ರತಿಯೊಂದರಲ್ಲೂ ಎರಡು ಸಂಸಾರ, ಇಬ್ಬರಿಗೂ ಸೇರಿ ಮುಂಬಾಗಿಲು ಒಂದೇ. ಬಡವರ ಮನೆಯೂ ನೋಟಕ್ಕೆ ಅಂದವಾಗಿರಬೇಕು, ಒಳಗಿನ ಇಕ್ಕಟ್ಟು ಯಾರಿಗೂ ಕಾಣಬಾರದು, ಅಷ್ಟೇ ಲೆಕ್ಕ.

1852ರಲ್ಲಿ ಎಸ್ಟೇಟು ಹ್ಯಾಂಬ್ರೊ ಅನ್ನುವ ಬ್ಯಾಂಕ್ ಮನೆತನಕ್ಕೆ ಹೋಯಿತು. 1930ರ ದಶಕದಲ್ಲಿ ಹರಿದು ಹಂಚಿ ಮಾರಾಟವಾಯಿತು. 1954ರಲ್ಲಿ ಬಂಗಲೆಯಲ್ಲಿ ಶಾಲೆ ಶುರುವಾಯಿತು. ಮಕ್ಕಳನ್ನು ಊರಾಚೆ ಕಳಿಸಿದವನ ಮನೆಗೇ ಮಕ್ಕಳು ಬಂದರು, ಅಲ್ವಾ?

ಈಗ ಆ ಬೀದಿಯಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ. ಜನ 18ನೇ ಶತಮಾನದ ಉಡುಪು ತೊಟ್ಟು ಓಡಾಡುತ್ತಾರೆ. ಆ ದಿನ ಯಾರಾದರೂ ಹ್ಯಾರಿಸನ್‌ನ ಕಥೆಯನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಲಿ ಅನ್ನುವುದು ನನ್ನ ಆಸೆ.

ನಮಸ್ಕಾರ.